ಇಸ್ತಾಂಬುಲ್‌ಗೆ ಹೊರಟವರಿಗೆ: ವೀಸಾದಿಂದ ಕೊನೆಯ ವಾಪುರ್‌ವರೆಗೆ

ಬೆಳಿಗ್ಗೆ ಎಂಟು ಗಂಟೆಗೆ ಇಸ್ತಾಂಬುಲ್‌ನ ಕಾದಿಕೊಯ್ ಹಡಗುಕಟ್ಟೆಯಲ್ಲಿ ನಿಂತು ನೋಡಿ. ಬ್ಯಾಗ್ ಹೆಗಲಿಗೆ ಹಾಕಿಕೊಂಡವರು, ಕಾಲೇಜು ಹುಡುಗರು, ಕೈಯಲ್ಲಿ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ ಹಿಡಿದವರು, ಎಲ್ಲರೂ ದಡಬಡ ಅಂತ ವಾಪುರ್ ಅನ್ನುವ ಹಡಗು ಹತ್ತುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಆಚೆ ದಡದಲ್ಲಿ ಇಳಿದು ಆಫೀಸಿಗೆ ನಡೆಯುತ್ತಾರೆ. ಹತ್ತಿದ್ದು ಏಷ್ಯಾದಲ್ಲಿ, ಇಳಿದದ್ದು ಯುರೋಪಿನಲ್ಲಿ. ಯಾರೂ ಫೋಟೋ ತೆಗೆಯುವುದಿಲ್ಲ. ಅವರಿಗೆ ಇದು ದಿನದ ಓಡಾಟ ಅಷ್ಟೆ.

ಪ್ರವಾಸಿಗರು ಮಾತ್ರ ಈ ಊರನ್ನು ಉಲ್ಟಾ ನೋಡುತ್ತಾರೆ. ಮೂರು ದಿನ ಹಳೇ ಊರಿನ ಮಸೀದಿ, ಅರಮನೆ, ಬಜಾರು. ಕೊನೆಗೆ ಸಮಯ ಉಳಿದರೆ ಒಂದು ಬೋಟ್ ಟೂರ್. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಎರಡನೇ ಸಲ ಹೋದಾಗ ಗೊತ್ತಾಯಿತು, ಈ ಊರಿನ ನಡುಮನೆ ಅಂದರೆ ನೀರು. ಕಟ್ಟಡಗಳೆಲ್ಲ ಅದರ ಸುತ್ತ ಕಟ್ಟಿದ ಕೋಣೆಗಳು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎಲ್ಲವನ್ನೂ ನೀರಿನ ಲೆಕ್ಕದಲ್ಲೇ ಜೋಡಿಸಿದ್ದೇನೆ. ಐದು ದಿನ ಇಟ್ಟುಕೊಳ್ಳಿ. ಮೂರು ದಿನ ಸಾಲದು, ಓಡಾಟವೇ ಆಗುತ್ತದೆ.

ಮೊದಲು ನಕ್ಷೆ ತಲೆಗೆ ಹತ್ತಲಿ

ಟಿಕೆಟ್ ಬುಕ್ ಮಾಡುವ ಮೊದಲೇ ಇದೊಂದು ಮಾಡಿ. ಮೂರು ನೀರು ನೆನಪಿಟ್ಟುಕೊಳ್ಳಿ. ಉತ್ತರಕ್ಕೆ ಕಪ್ಪು ಸಮುದ್ರ, ದಕ್ಷಿಣಕ್ಕೆ ಮರ್ಮರಾ ಸಮುದ್ರ. ಇವೆರಡನ್ನೂ ಸೇರಿಸುವ ಕಿರಿದಾದ ಜಲಸಂಧಿಯೇ ಬಾಸ್ಫರಸ್. ಉದ್ದ ಸುಮಾರು 30 ಕಿಲೋಮೀಟರ್. ಅತಿ ಕಿರಿದಾದ ಕಡೆ ಅಗಲ ಸುಮಾರು 700 ಮೀಟರ್, ಆಚೆ ದಡದ ಕಿಟಕಿ ಎಣಿಸಬಹುದು. ಬಾಸ್ಫರಸ್‌ನ ಬಲಕ್ಕೆ ಏಷ್ಯಾ, ಎಡಕ್ಕೆ ಯುರೋಪ್. ಮೂರನೆಯದು ಗೋಲ್ಡನ್ ಹಾರ್ನ್. ಅದು ಯುರೋಪ್ ಬದಿಯ ಒಳಗೇ ಹೊಕ್ಕ ಹಿನ್ನೀರು. ಅದರ ಈಚೆ ಹಳೇ ಊರು, ಆಚೆ ಗಲಾತಾ ಮತ್ತು ತಕ್ಸಿಮ್. ಇಲ್ಲೇ ಎಲ್ಲರೂ ಎಡವುವುದು. ಗಲಾತಾ ಸೇತುವೆ ದಾಟಿ "ಏಷ್ಯಾಗೆ ಬಂದೆವು" ಅಂತ ಸ್ಟೇಟಸ್ ಹಾಕಿದವರನ್ನು ನಾನು ನೋಡಿದ್ದೇನೆ. ಅದು ಯುರೋಪಿನಿಂದ ಯುರೋಪಿಗೇ ಹೋಗುವ ಸೇತುವೆ!

ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಎರಡು ದಾರಿ. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಆನ್‌ಲೈನ್‌ನಲ್ಲೇ ಇ-ವೀಸಾ ಸಿಗುತ್ತದೆ. ಒಂದು ಸಲ ಪ್ರವೇಶ, 30 ದಿನ. ಅದಿಲ್ಲದವರು ಅರ್ಜಿ ಕೇಂದ್ರಕ್ಕೆ ದಾಖಲೆ ಕೊಟ್ಟು ಸ್ಟಿಕರ್ ವೀಸಾ ಮಾಡಿಸಬೇಕು. ಇದಕ್ಕೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ, ಹಿಂದಿನ ವಾರ ಎದ್ದು ಓಡುವ ಕೆಲಸ ಅಲ್ಲ.

ಇ-ವೀಸಾ ಅಂತ ಹುಡುಕಿದರೆ ಮೊದಲು ಕಾಣುವುದು ಏಜೆಂಟರ ತಾಣಗಳು. ಬಣ್ಣ, ಬಾವುಟ, ಲಾಂಛನ ಎಲ್ಲ ಸರ್ಕಾರದ್ದೇ ಥರ. ನಾನು ಅಂಥದ್ದೊಂದರಲ್ಲಿ ಎಲ್ಲ ವಿವರ ತುಂಬಿ, ಹಣ ಕಟ್ಟುವ ಪುಟದಲ್ಲಿ ಮೊತ್ತ ನೋಡಿ ಬೆಚ್ಚಿ ಮುಚ್ಚಿದ್ದೆ. ವಿಳಾಸ ಡಾಟ್ ಗವ್ ಡಾಟ್ ಟಿಆರ್ ಅಂತ ಮುಗಿದರೆ ಮಾತ್ರ ಮುಂದುವರಿಯಿರಿ.

2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ನಂತರ ಟರ್ಕಿ ಪ್ರವಾಸ ಬೇಡ ಅನ್ನುವ ಕೂಗು ನಮ್ಮಲ್ಲಿ ಜೋರಾಗಿ ಎದ್ದಿತ್ತು. ಹೋಗುವುದು ಬಿಡುವುದು ನಿಮ್ಮ ನಿಮ್ಮ ನಿರ್ಧಾರ. ಆದರೆ ಹೋಗುವುದಾದರೆ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿಕೊಂಡು, ರದ್ದು ಮಾಡಬಹುದಾದ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕ ಒಂದು ನಿಲುಗಡೆಯಲ್ಲಿ ಹೋಗುವುದು ಸುಲಭ.

ತಿಂಗಳು ಯಾವುದು? ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್‌ನಿಂದ ನವೆಂಬರ್ ಮೊದಲ ವಾರದವರೆಗೆ. ಏಪ್ರಿಲ್‌ನಲ್ಲಿ ಊರೆಲ್ಲ ಟ್ಯುಲಿಪ್ ಹೂವು. ಟ್ಯುಲಿಪ್ ಅಂದರೆ ನಮಗೆ ನೆನಪಾಗುವುದು ಹಾಲೆಂಡ್. ಆದರೆ ಯುರೋಪಿಗೆ ಅದರ ಗೆಡ್ಡೆ ಹೋದದ್ದು ಇಲ್ಲಿಂದಲೇ. ಟರ್ಕಿ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ.

ಎಲ್ಲಿ ಉಳಿಯಬೇಕು

ಎಲ್ಲರೂ ಸುಲ್ತಾನ್‌ಅಹ್ಮೆತ್ ಬಡಾವಣೆ ಅನ್ನುತ್ತಾರೆ. ಹೆಸರಾಂತ ಆಯಾ ಸೋಫಿಯಾ ಮಸೀದಿ ಪಕ್ಕದಲ್ಲೇ ಇರುತ್ತದೆ, ನಿಜ. ಆದರೆ ರಾತ್ರಿ ಒಂಬತ್ತಾದ ಮೇಲೆ ಅಲ್ಲಿ ಪ್ರವಾಸಿಗರು ಮತ್ತು ಪ್ರವಾಸಿಗರನ್ನು ಕರೆಯುವ ಹೋಟೆಲಿನವರು ಬಿಟ್ಟರೆ ಯಾರೂ ಇರುವುದಿಲ್ಲ. ನನ್ನ ಆಯ್ಕೆ ಸ್ವಲ್ಪ ಕೆಳಗಿನ ಸಿರ್ಕೆಜಿ. ಟ್ರಾಮ್ ಇದೆ, ಸಮುದ್ರದಡಿ ಹೋಗುವ ಮರ್ಮರಾಯ್ ರೈಲಿದೆ, ಐದಾರು ನಿಮಿಷ ನಡೆದರೆ ಎಮಿನೋನು ಹಡಗುಕಟ್ಟೆ. ಪ್ಯಾರಿಸ್‌ನಿಂದ ಬರುತ್ತಿದ್ದ ಓರಿಯಂಟ್ ಎಕ್ಸ್‌ಪ್ರೆಸ್ ನಿಲ್ಲುತ್ತಿದ್ದದ್ದು ಇಲ್ಲಿಯ 1890ರ ನಿಲ್ದಾಣದಲ್ಲೇ. ಎರಡನೇ ಸಲ ಹೋಗುವವರು, ಊಟ-ತಿಂಡಿಯ ಚಪಲ ಇರುವವರು ಸೀದಾ ಕಾದಿಕೊಯ್‌ನಲ್ಲಿ ಉಳಿಯಿರಿ.

ಒಂದು ಎಚ್ಚರಿಕೆ. ಇದು ಏಳು ಬೆಟ್ಟಗಳ ಊರು. ನಕ್ಷೆಯಲ್ಲಿ "300 ಮೀಟರ್" ಅಂತ ತೋರಿಸುವುದು ನಿಜಕ್ಕೂ 300 ಮೀಟರ್ ಮೆಟ್ಟಿಲಾಗಿರಬಹುದು. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಗಲಾತಾ ಗೋಪುರದ ಸುತ್ತಮುತ್ತ ರೂಮ್ ಬೇಡವೇ ಬೇಡ.

ಏರ್‌ಪೋರ್ಟ್‌ನಿಂದ ಊರಿಗೆ

ಎರಡು ವಿಮಾನ ನಿಲ್ದಾಣಗಳಿವೆ. ದೊಡ್ಡದು ಯುರೋಪ್ ಬದಿಯ ಇಸ್ತಾಂಬುಲ್ ಏರ್‌ಪೋರ್ಟ್. ಅಲ್ಲಿಂದ ಎಂ11 ಮೆಟ್ರೋ ಗೈರೆತ್ತೆಪೆಗೆ ಬರುತ್ತದೆ, ಅಲ್ಲಿ ಎಂ2 ಹಿಡಿಯಬೇಕು. ಬದಲಾಯಿಸುವಾಗ ನಡಿಗೆ ಜಾಸ್ತಿ. ದೊಡ್ಡ ಸೂಟ್‌ಕೇಸ್ ಇದ್ದರೆ ಹವಾಯಿಸ್ತ್ ಬಸ್ಸೇ ವಾಸಿ.

ಇನ್ನೊಂದು ಸಬಿಹಾ ಗೋಕ್ಚೆನ್, ಏಷ್ಯಾ ಬದಿಯಲ್ಲಿದೆ. ಅಲ್ಲಿಗೆ ವಿಮಾನ ಸಿಕ್ಕರೆ ನಿಮ್ಮ ಅದೃಷ್ಟ. ಎಂ4 ಮೆಟ್ರೋದಲ್ಲಿ ಕುಳಿತರೆ ಕೊನೆಯ ನಿಲ್ದಾಣವೇ ಕಾದಿಕೊಯ್. ಮೇಲೆ ಬಂದರೆ ಎದುರಿಗೇ ಹಡಗು. ಟ್ಯಾಕ್ಸಿ ಕಿಟಕಿಯಿಂದ ಫ್ಲೈಓವರ್ ನೋಡುತ್ತಾ ಈ ಊರು ಹೊಕ್ಕುವುದಕ್ಕೂ, ನೀರಿನ ಮೇಲಿಂದ ಗುಮ್ಮಟಗಳು ಒಂದೊಂದಾಗಿ ಏಳುವುದನ್ನು ನೋಡುತ್ತಾ ಹೊಕ್ಕುವುದಕ್ಕೂ ಹೋಲಿಕೆಯೇ ಇಲ್ಲ.

ಕಾರ್ಡ್ ಮಾಡಿಸಿ

ಇಸ್ತಾಂಬುಲ್‌ಕಾರ್ತ್ ಅನ್ನುವ ಒಂದೇ ಕಾರ್ಡಿನಲ್ಲಿ ಮೆಟ್ರೋ, ಟ್ರಾಮ್, ಬಸ್ಸು, ಹಡಗು ಎಲ್ಲ ನಡೆಯುತ್ತದೆ. ನಿಲ್ದಾಣಗಳಲ್ಲಿ ಮಷಿನ್ ಇದೆ. ದೊಡ್ಡ ನೋಟು ಹಾಕಿದರೆ ಚಿಲ್ಲರೆ ವಾಪಸ್ ಬರುತ್ತದೆ ಅಂತ ಕಾಯಬೇಡಿ, ಅಷ್ಟೂ ಕಾರ್ಡಿಗೇ ಹೋಗುತ್ತದೆ. ಇಬ್ಬರಿದ್ದರೆ ಒಂದೇ ಕಾರ್ಡನ್ನು ಎರಡು ಸಲ ತೋರಿಸಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಸಿಗುವ ರಿಯಾಯಿತಿ ಎರಡನೆಯವರಿಗೆ ಸಿಗುವುದಿಲ್ಲ. ತಲೆಗೊಂದು ಕಾರ್ಡ್ ಇರಲಿ.

ಮರ್ಮರಾಯ್‌ನಲ್ಲಿ ಒಂದು ಮಜಾ ಇದೆ. ಒಳಗೆ ಹೋಗುವಾಗ ಪೂರ್ತಿ ದೂರದ ದರ ಕಡಿಯುತ್ತಾರೆ. ಇಳಿದ ಮೇಲೆ ಗೇಟಿನ ಹೊರಗೆ "ಇಯಾದೆ" ಅಂತ ಬರೆದ ಮಷಿನ್‌ಗೆ ಕಾರ್ಡ್ ತೋರಿಸಿದರೆ ಹೆಚ್ಚಿನದು ವಾಪಸ್. ಇದು ಗೊತ್ತಿಲ್ಲದೆ ಮೂರು ದಿನ ನಾನು ದಾನ ಮಾಡಿದ್ದೇನೆ.

ದುಡ್ಡಿನ ವಿಷಯ: ಲೀರಾ ಬೆಲೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಜಾಸ್ತಿ ಬದಲಾಯಿಸಬೇಡಿ. ಏರ್‌ಪೋರ್ಟ್‌ನಲ್ಲಿ ಬಸ್ಸಿಗೆ ಬೇಕಾದಷ್ಟು ಮಾತ್ರ, ಉಳಿದದ್ದು ಊರೊಳಗೆ. ಕಾರ್ಡ್ ಉಜ್ಜುವಾಗ ಮಷಿನ್ "ರೂಪಾಯಿಯಲ್ಲೋ ಲೀರಾದಲ್ಲೋ" ಅಂತ ಕೇಳಿದರೆ ಲೀರಾ ಅನ್ನಿ. ರೂಪಾಯಿ ಒತ್ತಿದರೆ ದರ ಅವರಿಷ್ಟದ್ದು.

ಮೊದಲ ದಿನ: ಒಂದೇ ಮೈದಾನ, ಮೂರು ಸಾವಿರ ವರ್ಷ

ಬೆಳಿಗ್ಗೆ ಬೇಗ ಎದ್ದು ಮೊದಲು ಹಿಪ್ಪೊಡ್ರೋಮ್‌ಗೆ ಹೋಗಿ. ಈಗ ಅದು ಸುಮ್ನೆ ಒಂದು ಉದ್ದ ಚೌಕ. ಹಿಂದೆ ರಥದ ಪಂದ್ಯ ನಡೆಯುತ್ತಿದ್ದ ಬಯಲು. ಟಿಕೆಟ್ ಇಲ್ಲದ ಕಾರಣಕ್ಕೋ ಏನೋ ಜನ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ನಡುವೆ ನಿಂತ ಗುಲಾಬಿ ಕಲ್ಲಿನ ಕಂಬ ಈಜಿಪ್ಟಿನದು, ಫೇರೋ ಮೂರನೇ ತುತ್‌ಮೋಸ್ ಕಾಲದ್ದು. ಅದಕ್ಕೆ ಹತ್ತಿರ ಹತ್ತಿರ 3,500 ವರ್ಷ. ಕ್ರಿ.ಶ. 390ರಲ್ಲಿ ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ ಅದನ್ನು ಇಲ್ಲಿ ನಿಲ್ಲಿಸಿದ. ಮೇಲೆ ನೋಡಿ ಆಯಿತಲ್ಲ, ಈಗ ಬಗ್ಗಿ ಕೆಳಗಿನ ಪೀಠ ನೋಡಿ. ಆ ಕಂಬವನ್ನು ಹಗ್ಗ ಕಟ್ಟಿ ಎಳೆದು ಎತ್ತುವ ದೃಶ್ಯವನ್ನೇ ಅಲ್ಲಿ ಕೆತ್ತಿದ್ದಾರೆ. ಪಕ್ಕದ ಗುಂಡಿಯಲ್ಲಿ ಹಸಿರುಗಟ್ಟಿದ ಕಂಚಿನ ತಿರುಚು ಕಂಬವಿದೆ. ಅದು ಗ್ರೀಸಿನ ಡೆಲ್ಫಿಯಿಂದ ತಂದದ್ದು, ಕ್ರಿ.ಪೂ. 479ರಲ್ಲಿ ಪರ್ಷಿಯನ್ನರನ್ನು ಗೆದ್ದ ನೆನಪಿಗೆ ಮಾಡಿಸಿದ್ದು. ಮೂರು ಹಾವುಗಳ ತಲೆ ಮುರಿದು ಹೋಗಿ ಮೈ ಮಾತ್ರ ಉಳಿದಿದೆ. ಅಲ್ಲಿಂದ ಕತ್ತು ತಿರುಗಿಸಿದರೆ ಆರು ಮಿನಾರುಗಳ ನೀಲಿ ಮಸೀದಿ. ಈಜಿಪ್ಟ್, ಗ್ರೀಸ್, ರೋಮ್, ಒಟ್ಟೋಮನ್, ಎಲ್ಲ ಒಂದು ಕೂಗಳತೆಯಲ್ಲಿ.

ಮುಂದೆ ಆಯಾ ಸೋಫಿಯಾ. ಚಕ್ರವರ್ತಿ ಜಸ್ಟಿನಿಯನ್ 537ರಲ್ಲಿ ಮುಗಿಸಿದ ಚರ್ಚು. 1453ರಲ್ಲಿ ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮೆತ್ ಊರು ಗೆದ್ದ ಮೇಲೆ ಮಸೀದಿ. 1935ರಿಂದ ಮ್ಯೂಸಿಯಂ. 2020ರಿಂದ ಮತ್ತೆ ಮಸೀದಿ. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಬೇರೆ ಬಾಗಿಲು, 25 ಯೂರೋ ಟಿಕೆಟ್, ಮೇಲಿನ ಅಂತಸ್ತಿಗೆ ಮಾತ್ರ ಪ್ರವೇಶ. ದುಬಾರಿಯೇ. ದುರಸ್ತಿ ನಡೆಯುತ್ತಿರುವುದರಿಂದ ಒಳಗೆ ಸಾರ್ವೆಯೂ ಕಟ್ಟಿರಬಹುದು. ಆದರೂ ಬಿಡಬೇಡಿ. ಗುಮ್ಮಟ 31 ಮೀಟರ್ ಅಗಲ, ನೆಲದಿಂದ 55 ಮೀಟರ್ ಎತ್ತರ. ವಿಜಯಪುರದ ಗೋಲ್ ಗುಂಬಜ್ ನೋಡಿದವರು "ನಮ್ಮದೇ ದೊಡ್ಡದು" ಅನ್ನಬಹುದು. ಅಗಲದಲ್ಲಿ ನಿಜ. ಆದರೆ ಇದು ಅದಕ್ಕಿಂತ ಸಾವಿರದ ನೂರು ವರ್ಷ ಹಳೆಯದು. ಅಂದ ಹಾಗೆ, ವಿಜಯಪುರದ ಆದಿಲ್‌ಶಾಹಿಗಳ ಮೂಲಪುರುಷ ಯೂಸುಫ್ ಆದಿಲ್ ಶಾ ಒಟ್ಟೋಮನ್ ರಾಜಕುಮಾರ, ಕೊಲ್ಲುತ್ತಾರೆ ಅಂತ ಹೆದರಿ ಬಚಾವಾಗಿ ಬಂದವನು ಅನ್ನುವ ಕಥೆಯನ್ನು ಹಳೇ ಪಾರ್ಸಿ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇತಿಹಾಸಕಾರರು ಅದನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಆದರೂ ಇಲ್ಲಿ ನಿಂತಾಗ ನೆನಪಾಗದೇ ಇರದು.

ಮೇಲಿನ ಅಂತಸ್ತಿನಲ್ಲಿ ಮೂರು ವಸ್ತು ಹುಡುಕಿ. ಒಂದು, ಯೇಸು, ಮೇರಿ, ಸ್ನಾನಿಕ ಯೋಹಾನ ಇರುವ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. ಅರ್ಧಕ್ಕರ್ಧ ಉದುರಿದೆ, ಉಳಿದ ಮುಖಗಳು ಮಾತ್ರ ಉಸಿರಾಡುವಂತಿವೆ. ಎರಡು, ಎನ್ರಿಕೋ ದಾಂದೋಲೋ ಹೆಸರು ಕೆತ್ತಿದ ನೆಲಗಲ್ಲು. 1204ರಲ್ಲಿ ಕ್ರಿಶ್ಚಿಯನ್ ಸೈನ್ಯವೇ ಈ ಕ್ರಿಶ್ಚಿಯನ್ ಊರನ್ನು ಲೂಟಿ ಮಾಡಿದಾಗ ಮುಂದೆ ನಿಂತಿದ್ದ ವೆನಿಸ್‌ನ ಮುದುಕ ಇವನೇ. ಮೂರು, ಅಮೃತಶಿಲೆಯ ಕಟಾಂಜನದ ಮೇಲೆ ಗೀಚಿದ ವೈಕಿಂಗ್ ಅಕ್ಷರಗಳು. ಚಕ್ರವರ್ತಿಯ ಕಾವಲಿಗೆ ಉತ್ತರದಿಂದ ಬಂದಿದ್ದ ಯಾವನೋ ಹಾಲ್ಫ್‌ದಾನ್ ತನ್ನ ಹೆಸರು ಕೊರೆದಿದ್ದಾನೆ. ನಮ್ಮ ಹಂಪಿಯ ಕಂಬಗಳ ಮೇಲೆ ಹೆಸರು ಗೀಚುವವರಿಗೆ ಬಹಳ ಹಳೆಯ ಬಂಧು!

ನೀಲಿ ಮಸೀದಿಗೆ ಟಿಕೆಟ್ ಇಲ್ಲ. ಆದರೆ ನಮಾಜಿನ ಹೊತ್ತಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿಯುವ ತನಕ ಆ ಕಡೆ ಹೋಗಲೇಬೇಡಿ. ಫೋನಿನಲ್ಲಿ ಅವತ್ತಿನ ನಮಾಜ್ ಸಮಯ ನೋಡಿಕೊಂಡು ದಿನ ಜೋಡಿಸಿ. ಹೆಂಗಸರು ತಲೆ ಮುಚ್ಚಬೇಕು, ಗಂಡಸರಿಗೂ ಚಡ್ಡಿ ನಡೆಯುವುದಿಲ್ಲ. ನಮ್ಮವರಿಗೆ ದುಪಟ್ಟಾ, ಚಪ್ಪಲಿ ಬಿಡುವುದು ಇವೆಲ್ಲ ಹೇಳಿಕೊಡಬೇಕಿಲ್ಲ.

ಮಧ್ಯಾಹ್ನ ಬಿಸಿಲಿಗೆ ನೆಲದಡಿ ಇಳಿಯಿರಿ. ಬಸಿಲಿಕಾ ಜಲಾಗಾರ ಅಂದರೆ ಜಸ್ಟಿನಿಯನ್ ಕಟ್ಟಿಸಿದ ನೀರಿನ ಟ್ಯಾಂಕು. 336 ಕಂಬ, ಒಂದೊಂದೂ ಸುಮಾರು 9 ಮೀಟರ್. ಕೊನೆಯ ಮೂಲೆಯಲ್ಲಿ ಎರಡು ಕಂಬಗಳ ಕೆಳಗೆ ಗ್ರೀಕ್ ಪುರಾಣದ ರಾಕ್ಷಸಿ ಮೆಡೂಸಾಳ ತಲೆಗಳಿವೆ. ಒಂದು ತಲೆಕೆಳಗು, ಒಂದು ಅಡ್ಡ. ಎಲ್ಲೋ ಹಳೇ ಕಟ್ಟಡದಿಂದ ಕಿತ್ತು ತಂದು ಎತ್ತರ ಸರಿಮಾಡಲು ಕೊಟ್ಟ ಕಲ್ಲು ಅಂತ ಕಾಣುತ್ತದೆ. ಗೈಡುಗಳು ಹೇಳುವ ಶಾಪದ ಕಥೆಗಿಂತ ನನಗೆ ಮೇಸ್ತ್ರಿಯ ಈ ಜುಗಾಡೇ ಇಷ್ಟ.

ಎರಡನೇ ದಿನ: ಅರಮನೆ, ಬಜಾರು ಮತ್ತು ಶ್ರೀರಂಗಪಟ್ಟಣದಿಂದ ಬಂದವರು

ತೋಪ್ಕಾಪಿ ಅರಮನೆಗೆ ಮಂಗಳವಾರ ರಜೆ. ದೊಡ್ಡ ಬಜಾರಿಗೆ ಭಾನುವಾರ ರಜೆ. ಈ ಎರಡು ಸಾಲನ್ನು ಕೈಮೇಲೆ ಬರೆದುಕೊಳ್ಳಿ. ಮೊದಲ ಪ್ರವಾಸದಲ್ಲಿ ನನಗಿದ್ದ ಒಂದೇ ಖಾಲಿ ದಿನ ಭಾನುವಾರ. ಬಜಾರಿನ ಮುಚ್ಚಿದ ಬಾಗಿಲ ಮುಂದೆ ಒಂದು ಬೆಕ್ಕಿನ ಜೊತೆ ಕುಳಿತು ಬಂದೆ.

ಅರಮನೆಗೆ ಅರ್ಧ ದಿನ ಬೇಕು. ಖಜಾನೆಯ 86 ಕ್ಯಾರಟ್ ವಜ್ರದ ಮುಂದೆ ಯಾವಾಗಲೂ ಸಾಲು ಇರುತ್ತದೆ. ನಾನು ಹೇಳುವುದು, ಮೊದಲು ಜನಾನಾ ನೋಡಿ, ಅಲ್ಲಿನ ಗೋಡೆಗಳ ಮೇಲಿನ ಬಣ್ಣದ ಇಜ್ನಿಕ್ ಟೈಲ್‌ಗಳಿಗಾಗಿ. ಆಮೇಲೆ ಕೊನೆಯ ಅಂಗಳದ ತುದಿಗೆ ಹೋಗಿ ನಿಲ್ಲಿ. ಬಾಸ್ಫರಸ್, ಗೋಲ್ಡನ್ ಹಾರ್ನ್, ಮರ್ಮರಾ ಮೂರೂ ಸೇರುವುದು ಒಟ್ಟಿಗೇ ಕಾಣುತ್ತದೆ. ಸುಲ್ತಾನರು ಇಲ್ಲೇ ಯಾಕೆ ಮನೆ ಕಟ್ಟಿದರು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇಲ್ಲೊಂದು ನಮ್ಮ ಕಥೆಯೂ ಇದೆ. 1786ರಲ್ಲಿ ಟಿಪ್ಪು ಸುಲ್ತಾನ ಮೈಸೂರು ರಾಜ್ಯದಿಂದ ನೂರಾರು ಜನರ ದೊಡ್ಡ ನಿಯೋಗವನ್ನು ಇಲ್ಲಿಗೆ ಕಳಿಸಿದ್ದ. ಇಂಗ್ಲಿಷರ ವಿರುದ್ಧ ಸಹಾಯ ಬೇಕಿತ್ತು, ವ್ಯಾಪಾರದ ಒಪ್ಪಂದ ಬೇಕಿತ್ತು, ಬಾದಶಹನೆಂಬ ಮನ್ನಣೆಯೂ ಬೇಕಿತ್ತು. ಹಡಗಿನಲ್ಲಿ ಬಸ್ರಾ ತಲುಪಿ, ಅಲ್ಲಿಂದ ನೆಲದ ದಾರಿ ಹಿಡಿದು 1787ರಲ್ಲಿ ಇವರು ಇಸ್ತಾಂಬುಲ್‌ಗೆ ಬಂದರು. ದಾರಿಯಲ್ಲೂ ಇಲ್ಲೂ ಕಾಯಿಲೆಗೆ ಬಹಳ ಜನ ಸತ್ತರು. ಆಗ ಸುಲ್ತಾನ ಒಂದನೇ ಅಬ್ದುಲ್ ಹಮೀದ್ ಇದ್ದದ್ದು ಇದೇ ಅರಮನೆಯಲ್ಲಿ. ರಷ್ಯಾ ಜೊತೆ ಯುದ್ಧಕ್ಕೆ ಇಳಿದಿದ್ದ ಅವನಿಗೆ ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವ ಮನಸ್ಸಿರಲಿಲ್ಲ. ಉಡುಗೊರೆ, ಒಳ್ಳೆ ಮಾತು ಸಿಕ್ಕಿತು, ಸೈನ್ಯ ಸಿಗಲಿಲ್ಲ. ಗೋಡೆಯ ಮೇಲೆ ಇದರ ಫಲಕವನ್ನು ಹುಡುಕಬೇಡಿ. ಆ ಅಂಗಳದ ನೆರಳಲ್ಲಿ ಎರಡು ನಿಮಿಷ ಕೂತು ನೆನೆದರೆ ಸಾಕು.

ದೊಡ್ಡ ಬಜಾರಿನಲ್ಲಿ ಅಂಗಡಿಗಳೇ ಸಾವಿರಾರು. ದಾರಿ ತಪ್ಪುತ್ತೀರಿ, ತಪ್ಪಲಿ. ಚೌಕಾಸಿ ನಮಗೆ ಹೊಸದಲ್ಲ, ಒಂದೇ ನಿಯಮ: ಬೆಲೆ ನೀವು ಹೇಳಿ ಅವರು ಒಪ್ಪಿದ ಮೇಲೆ ಎದ್ದು ಹೋಗುವುದು ಮರ್ಯಾದೆ ಅಲ್ಲ. ಚಹಾ ಕುಡಿಸಿದರು ಅಂತ ಕೊಳ್ಳಲೇಬೇಕು ಅಂತೇನೂ ಇಲ್ಲ.

ಎಮಿನೋನುವಿನ ಮಸಾಲೆ ಬಜಾರಿಗೆ ಅಲ್ಲಿ "ಮಿಸಿರ್ ಚಾರ್ಶಿಸಿ", ಅಂದರೆ ಈಜಿಪ್ಟ್ ಬಜಾರು ಅಂತ ಹೆಸರು. ಈಜಿಪ್ಟಿನಿಂದ ಬಂದ ಕಂದಾಯದಲ್ಲಿ ಕಟ್ಟಿದ್ದು. ನಮ್ಮ ಕರಾವಳಿಯ ಕಾಳುಮೆಣಸು ಅರಬ್ಬೀ ಸಮುದ್ರ ದಾಟಿ ಈಜಿಪ್ಟ್ ಮೂಲಕ ಬರುತ್ತಿದ್ದದ್ದೂ ಇತ್ತ ಕಡೆಗೇ. ಮೆಣಸಿಗೆ ಇವರು "ಬಿಬೆರ್" ಅನ್ನುತ್ತಾರೆ. ಗ್ರೀಕ್ ದಾಟಿ ಹಿಂದಕ್ಕೆ ಹೋದರೆ ಅದರ ಬೇರು ಸಂಸ್ಕೃತದ ಪಿಪ್ಪಲಿ, ನಮ್ಮ ಹಿಪ್ಪಲಿ. ಕೇಸರಿಯ ಬದಲು ಕುಸುಬೆ ಹೂವಿನ ಎಸಳು ಮಾರುವವರಿದ್ದಾರೆ, ಜೋಪಾನ.

ಮೂರನೇ ದಿನ: ಕೆಳಗಿಂದ ಹೋಗಿ, ಮೇಲಿಂದ ಬನ್ನಿ

ಇದು ಈ ಪ್ರವಾಸದ ಮುಖ್ಯ ದಿನ. ಮಳೆ ಇಲ್ಲದ ದಿನ ಆರಿಸಿ.

ಸಿರ್ಕೆಜಿಯಲ್ಲಿ ಮರ್ಮರಾಯ್ ರೈಲಿಗೆ ಇಳಿಯಿರಿ. ಎಸ್ಕಲೇಟರ್ ಮುಗಿಯುವುದೇ ಇಲ್ಲ. 2013ರ ಅಕ್ಟೋಬರ್ 29ರಂದು ಶುರುವಾದ ಈ ದಾರಿ ಸಮುದ್ರದ ತಳದಲ್ಲಿ ಕೂರಿಸಿದ ಕೊಳವೆಯೊಳಗೆ ಹೋಗುತ್ತದೆ. ಅತಿ ಆಳದ ಕಡೆ ನೀರಿನ ಮಟ್ಟಕ್ಕಿಂತ ಸುಮಾರು 60 ಮೀಟರ್ ಕೆಳಗೆ. ಕೆಲಸ ಹಲವು ವರ್ಷ ತಡವಾಯಿತು. ಯೆನಿಕಾಪಿಯಲ್ಲಿ ಅಗೆದಾಗ ಬೈಜಾಂಟಿಯನ್, ಅಂದರೆ ಪೂರ್ವ ರೋಮನ್ ಕಾಲದ ಬಂದರೇ ಸಿಕ್ಕಿತು, ಮೂವತ್ತಕ್ಕೂ ಹೆಚ್ಚು ಹಳೇ ಹಡಗುಗಳ ಸಮೇತ. ರೈಲಿನಲ್ಲಿ ನೋಡಲು ಏನೂ ಇಲ್ಲ, ಕತ್ತಲು. ನಾಲ್ಕೈದು ನಿಮಿಷಕ್ಕೆ ಉಸ್ಕುದಾರ್, ಏಷ್ಯಾ.

ಉಸ್ಕುದಾರ್ ದಡದಲ್ಲಿ ಬಲಕ್ಕೆ ನಡೆಯಬೇಡಿ, ಎಡಕ್ಕೆ ಹೋಗಿ. ಅಂದರೆ ನೀರಿಗೆ ಮುಖ ಮಾಡಿ ನಿಂತರೆ ಎಡ. ಸಲಾಜಾಕ್ ಮೆಟ್ಟಿಲು ಬರುತ್ತದೆ. ಎದುರಿಗೆ ನೀರಿನ ನಡುವೆ ಕನ್ಯೆಯ ಗೋಪುರ, ಅದರ ಹಿಂದೆ ಯುರೋಪಿನ ದಡ ಪೂರ್ತಿ. ಹಳೇ ಊರು ಚೆನ್ನಾಗಿ ಕಾಣುವುದು ಹಳೇ ಊರಿನಲ್ಲಿ ನಿಂತಾಗ ಅಲ್ಲ, ಇಲ್ಲಿಂದ.

ಸಮಯ ಇದ್ದರೆ ಬಸ್ಸಿನಲ್ಲಿ ಕುಜ್‌ಗುಂಜುಕ್‌ಗೆ ಹೋಗಿ. ಸಣ್ಣ ಬೀದಿ. ಮಸೀದಿ ಮತ್ತು ಅರ್ಮೇನಿಯನ್ ಚರ್ಚು ಅಂಟಿಕೊಂಡಂತೆ ಪಕ್ಕಪಕ್ಕ, ಸ್ವಲ್ಪ ದೂರದಲ್ಲಿ ಗ್ರೀಕ್ ಚರ್ಚು, ಯಹೂದಿ ಮಂದಿರ. ಅಲ್ಲಿದ್ದ ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು ಹೆಚ್ಚಿನವರು ಇಪ್ಪತ್ತನೇ ಶತಮಾನದಲ್ಲಿ ಊರು ಬಿಟ್ಟರು. "ಸಂಸ್ಕೃತಿಗಳ ಸಂಗಮ" ಅಂತ ಬ್ರೋಷರ್‌ನಲ್ಲಿ ಓದುವಾಗ ಇದೂ ಗೊತ್ತಿರಲಿ.

ಸಂಜೆಯ ಮೊದಲು ಕಾದಿಕೊಯ್ ಸೇರಿ. ಇದರ ಹಳೇ ಹೆಸರು ಖಾಲ್ಸೆಡಾನ್. ಗ್ರೀಕರು ಮೊದಲು ಊರು ಕಟ್ಟಿದ್ದು ಇಲ್ಲೇ, ಎದುರಿನ ದಡದಲ್ಲಿ ಅಲ್ಲ. ಎದುರಿಗೇ ಅಷ್ಟು ಒಳ್ಳೆಯ ಜಾಗ ಬಿಟ್ಟು ಇಲ್ಲಿ ನೆಲೆಸಿದರಲ್ಲ, ಇವರು ಕುರುಡರೇ ಇರಬೇಕು ಅಂತ ಆಮೇಲೆ ಬಂದವರು ಆಡಿಕೊಂಡರಂತೆ. ಈಗಿನ ಕಾದಿಕೊಯ್ ಮಾರ್ಕೆಟ್ ಸುತ್ತಿ, ಮೋದಾ ದಡದ ಹುಲ್ಲಿನ ಮೇಲೆ ಕಾಲು ಚಾಚಿದರೆ ಆ ಕುರುಡರೇ ಜಾಣರು ಅನ್ನಿಸುತ್ತದೆ.

ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಎಮಿನೋನು ಕಡೆಯ ವಾಪುರ್ ಹತ್ತಿ. ವಾಪುರ್ ಅಂದರೆ ಊರಿನವರು ದಿನವೂ ಓಡಾಡುವ ಹಡಗು. ಒಳಗೆ ಕೂರಬೇಡಿ, ಅಂಚಿನ ಮರದ ಬೆಂಚು ಹಿಡಿಯಿರಿ. ಒಳಗಿನ ಕ್ಯಾಂಟೀನಿನಿಂದ ಒಂದು ಚಹಾ ತನ್ನಿ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಿಡಿ ಇಲ್ಲ. ಹೊಟ್ಟೆ ಹಿಡಿದರೆ ಕೈ ಸುಡುತ್ತದೆ, ಹೆಬ್ಬೆರಳು ತೋರುಬೆರಳಿನಲ್ಲಿ ಅಂಚು ಹಿಡಿಯಬೇಕು. ತಟ್ಟೆಯಲ್ಲಿ ಎರಡು ಸಕ್ಕರೆ ಗಟ್ಟಿ, ಒಂದು ಚಿಕ್ಕ ಚಮಚ. ಹಾಲು ಕೇಳಬೇಡಿ, ಇಲ್ಲ. ಹಡಗು ತಿರುಗುವಾಗ ಬೆಂಚಿನ ಮೇಲಿಟ್ಟ ಎಲ್ಲರ ಚಮಚಗಳೂ ಒಟ್ಟಿಗೆ ಕಿಣಿಕಿಣಿ ಅನ್ನುತ್ತವೆ. ಕಡಲಹಕ್ಕಿಗಳು ಹಡಗಿನ ವೇಗಕ್ಕೇ ಹಾರುತ್ತಾ ನಿಮ್ಮ ಮುಖದ ಪಕ್ಕ ಬರುತ್ತವೆ. ಯಾರೋ ಬ್ರೆಡ್ ಚೂರು ಎಸೆಯುತ್ತಾರೆ, ಅದು ನೀರಿಗೆ ಬೀಳುವುದೇ ಇಲ್ಲ. ಎದುರಿಗೆ ಸುಲೇಮಾನಿಯೆ ಮಸೀದಿಯ ಗುಮ್ಮಟ ಕಪ್ಪಾಗುತ್ತಾ ಹೋಗುತ್ತದೆ. ಇದೇ ನೋಟಕ್ಕೆ ಖಾಸಗಿ ಬೋಟಿನವರು ಎಷ್ಟೋ ಪಟ್ಟು ಕೇಳುತ್ತಾರೆ.

ಉಳಿದ ಎರಡು ದಿನ

ಒಂದು ದಿನ ಬಾಸ್ಫರಸ್ ಉದ್ದಕ್ಕೂ ಹೋಗುವ ಸರ್ಕಾರಿ ಹಡಗಿಗೆ. ಎಮಿನೋನುವಿನಿಂದ ಹೊರಟು ಕಪ್ಪು ಸಮುದ್ರದ ಬಾಯಿಗೆ ಹತ್ತಿರದ ಅನಾದೊಲು ಕಾವಾ ಹಳ್ಳಿಯವರೆಗೆ ಹೋಗುತ್ತದೆ. ಅಲ್ಲಿ ಇಳಿದು ಗುಡ್ಡದ ಮೇಲಿನ ಹಳೇ ಕೋಟೆ ಹತ್ತಿ. ದಾರಿಯಲ್ಲಿ ಯುರೋಪ್ ಬದಿಯ ರುಮೆಲಿ ಹಿಸಾರಿ ಕೋಟೆ ಸಿಗುತ್ತದೆ. ಮೆಹ್ಮೆತ್ 1452ರಲ್ಲಿ ಕೆಲವೇ ತಿಂಗಳಲ್ಲಿ ಕಟ್ಟಿಸಿದ್ದು, ಜಲಸಂಧಿ ಅತಿ ಕಿರಿದಾದ ಕಡೆ. ಎದುರು ದಡದಲ್ಲಿ ಅವನ ಮುತ್ತಾತ ಕಟ್ಟಿಸಿದ ಕೋಟೆ ಮೊದಲೇ ಇತ್ತು. ಎರಡೂ ಸೇರಿದರೆ ಬಾಗಿಲು ಮುಚ್ಚಿದಂತೆ. ಹಡಗಿನಿಂದ ನೋಡಿದಾಗಲೇ ಆ ಲೆಕ್ಕಾಚಾರ ಅರ್ಥವಾಗುವುದು.

ಇನ್ನೊಂದು ದಿನ ಫೆನೆರ್, ಬಲಾತ್ ಬೀದಿಗಳು, ಅಲ್ಲಿಂದ ಮೇಲೆ ಹತ್ತಿ ಕಾರಿಯೆ ಅನ್ನುವ ಹಳೇ ಚರ್ಚು. 14ನೇ ಶತಮಾನದ ಮೊಸಾಯಿಕ್‌ಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. 2024ರಲ್ಲಿ ಮಸೀದಿಯಾಗಿ ಮತ್ತೆ ತೆರೆದಿದೆ. ಸಮೀಪದಲ್ಲೇ ಐದನೇ ಶತಮಾನದ ಕೋಟೆಗೋಡೆ. ಗಲಾತಾ ಗೋಪುರವನ್ನು ಕೆಳಗಿಂದ ನೋಡಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ತಕ್ಸಿಮ್ ಬಿಟ್ಟರೂ ನಷ್ಟವಿಲ್ಲ.

ಹೊಟ್ಟೆಯ ವಿಷಯ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

"ಅಲ್ಲಿ ಬರೀ ಕಬಾಬು, ನಾವೇನು ತಿನ್ನೋದು?" ಅಂತ ಎಲ್ಲರೂ ಕೇಳುತ್ತಾರೆ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೇ ಬದುಕುವ ಪರಿಸ್ಥಿತಿ ಬರುವುದಿಲ್ಲ.

ನಿಮ್ಮ ಮಂತ್ರ "ಜೈತಿನ್‌ಯಾಲಿ". ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿ ಅಡುಗೆಗಳ ಹೆಸರು ಅದು. ಬೀನ್ಸ್, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಬದನೆಕಾಯಿಗೆ ಈರುಳ್ಳಿ-ಟೊಮೇಟೊ ತುಂಬಿದ ಇಮಾಮ್ ಬಾಯಿಲ್ದಿ. ನಮ್ಮ ಎಣ್ಣೆಗಾಯಿಯ ದೂರದ ನೆಂಟ, ಖಾರ ಇಲ್ಲ ಅಷ್ಟೆ. ಕೆಲಸಗಾರರು ಊಟ ಮಾಡುವ "ಎಸ್ನಾಫ್ ಲೋಕಾಂತಾ"ಗಳಿಗೆ ಹೋಗಿ. ಪಾತ್ರೆಗಳು ಕಣ್ಣೆದುರೇ ಇರುತ್ತವೆ, ಬೆರಳು ತೋರಿಸಿದರೆ ಆಯಿತು. ಬೀದಿಯಲ್ಲಿ ಸಿಮಿತ್ (ಅದೇ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್), ಸುಟ್ಟ ಜೋಳ, ಚಳಿಗಾಲದಲ್ಲಿ ಸುಟ್ಟ ಚೆಸ್ಟ್‌ನಟ್. ಆಲೂ, ಪಾಲಕ್ ಅಥವಾ ಚೀಸ್ ತುಂಬಿದ ಗೋಜ್ಲೆಮೆ ಹೆಚ್ಚುಕಡಿಮೆ ಪರಾಠವೇ. ಜೊತೆಗೆ ಐರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಚೀ ಕೋಫ್ತೆ ಅಂದರೆ ಹಸಿ ಮಾಂಸ ಅಂತ ಪುಸ್ತಕದಲ್ಲಿ ಓದಿ ಹೆದರಬೇಡಿ, ಈಗ ಬೀದಿ ಅಂಗಡಿಗಳಲ್ಲಿ ಮಾರುವುದು ಗೋಧಿನುಚ್ಚು ಮತ್ತು ಮಸಾಲೆಯದು.

ಮೋಸ ಹೋಗುವುದು ಎರಡು ಕಡೆ. ಬೇಳೆ ಸೂಪು ಮತ್ತು ಅನ್ನ. ಎರಡನ್ನೂ ಮಾಂಸ ಅಥವಾ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವುದುಂಟು. "ಎತ್ ಸುಯು ವಾರ್ ಮಿ?" ಅಂತ ಕೇಳಿ. ಮಾಂಸದ ನೀರಿದೆಯಾ ಅಂತ ಅರ್ಥ. "ಯೋಕ್" ಅಂದರೆ ಇಲ್ಲ. ಬಿಲ್ಲಿಗೆ "ಹೆಸಾಪ್" ಅನ್ನಿ, ನಮ್ಮ ಹಿಸಾಬು. ಅಂಗಡಿ ದುಕ್ಕಾನ್, ಸೋಪು ಸಾಬುನ್, ತಾಜಾ ಅನ್ನುವುದು ತಾಜೆ. ಪಾರ್ಸಿ, ಅರಬ್ಬೀ ಪದಗಳು ನಮ್ಮೂರಿಗೂ ಅವರೂರಿಗೂ ಹಂಚಿ ಹೋಗಿವೆ. ಕಲಬುರಗಿ, ಬೀದರ್ ಕಡೆಯವರಿಗೆ ಇದು ಇನ್ನೂ ಬೇಗ ಹೊಳೆಯುತ್ತದೆ.

ಕಾಫಿ ಕೇಳುವಾಗಲೇ ಸಕ್ಕರೆ ಹೇಳಬೇಕು, ಪುಡಿಯ ಜೊತೆಗೇ ಕುದಿಸುತ್ತಾರೆ. ಸಕ್ಕರೆ ಬೇಡದಿದ್ದರೆ "ಸಾದೆ", ಹದವಾಗಿ ಬೇಕಿದ್ದರೆ "ಓರ್ತಾ". ಬಂದ ತಕ್ಷಣ ಕಲಕಬೇಡಿ, ಗಸಿ ಕೆಳಗೆ ಕೂರಲಿ. ಕೊನೆಯ ಗುಟುಕು ಬಿಡಿ. ಈ ಊರಿನಲ್ಲಿ ಕಾಫಿ ಅಂಗಡಿಗಳು ಶುರುವಾದದ್ದು 1550ರ ದಶಕದಲ್ಲಿ, ಬೀಜ ಬರುತ್ತಿದ್ದದ್ದು ಯೆಮೆನ್‌ನಿಂದ. ಬಾಬಾ ಬುಡನ್ ಸೊಂಟಕ್ಕೆ ಕಟ್ಟಿಕೊಂಡು ಚಿಕ್ಕಮಗಳೂರಿಗೆ ತಂದರು ಅನ್ನುವ ಏಳು ಬೀಜಗಳೂ ಅದೇ ಯೆಮೆನ್‌ನವು.

ಟೋಪಿ ಹಾಕುವವರು

ಬೂಟ್ ಪಾಲಿಶ್‌ನವನೊಬ್ಬ ನಿಮ್ಮ ಮುಂದೆ ಹೋಗುತ್ತಾ ಬ್ರಷ್ ಬೀಳಿಸುತ್ತಾನೆ. ಎತ್ತಿಕೊಟ್ಟರೆ ಕೃತಜ್ಞತೆಗೆ ಅಂತ ಬೂಟು ಉಜ್ಜಿ ದುಡ್ಡು ಕೇಳುತ್ತಾನೆ. ಬಿದ್ದಿರಲಿ ಬಿಡಿ. ತಕ್ಸಿಮ್ ಕಡೆ ಒಬ್ಬಂಟಿ ಗಂಡಸರನ್ನು ಮಾತಿಗೆಳೆದು "ಬಾ ಒಂದು ಡ್ರಿಂಕ್" ಅಂತ ಕರೆದೊಯ್ದು ಭಾರೀ ಬಿಲ್ ಕೊಡುವ ಜಾಲ ಹಳೆಯದು. ಟ್ಯಾಕ್ಸಿಯನ್ನು ಆ್ಯಪ್‌ನಲ್ಲೇ ಕರೆಯಿರಿ, ಮೀಟರ್ ನೋಡಿ, ಕೊಡುವ ನೋಟನ್ನು ಜೋರಾಗಿ ಎಣಿಸಿ ಕೊಡಿ. ನಾನು ಕೊಟ್ಟ ದೊಡ್ಡ ನೋಟು ಡ್ರೈವರ್ ಕೈಯಲ್ಲಿ ಚಿಕ್ಕ ನೋಟಾಗಿ ಬದಲಾದದ್ದಕ್ಕೆ ನಾನೇ ಸಾಕ್ಷಿ. ಇಂಥವರನ್ನು ಹೊರತುಪಡಿಸಿದರೆ ಜನ ಒಳ್ಳೆಯವರು. ದಾರಿ ಕೇಳಿದರೆ ಗೊತ್ತಿಲ್ಲದವರೂ ಜೊತೆಗೆ ಬಂದು ಹುಡುಕಿಕೊಡುತ್ತಾರೆ.

ಹೊರಡುವ ಸಂಜೆ

ಕಾರ್ಡಿನಲ್ಲಿ ಸ್ವಲ್ಪ ದುಡ್ಡು ಉಳಿದೇ ಇರುತ್ತದೆ. ಅದನ್ನು ವಾಪಸ್ ಪಡೆಯಲು ಒದ್ದಾಡಬೇಡಿ. ಸೂಟ್‌ಕೇಸ್ ಹೋಟೆಲಿನವರ ಬಳಿ ಬಿಟ್ಟು, ಎಮಿನೋನುವಿಗೆ ನಡೆದು, ಯಾವ ವಾಪುರ್ ಮೊದಲು ಹೊರಡುತ್ತದೋ ಅದನ್ನು ಹತ್ತಿ. ಆಚೆ ದಡದಲ್ಲಿ ಇಳಿದು ಅದೇ ಹಡಗಿಗೆ ವಾಪಸ್ ಬನ್ನಿ. ಬರುವಾಗ ಎಡಬದಿಯ ಬೆಂಚು.